ಬಾಯಿ ಹುಣ್ಣಿಗೆ ಕಲ್ಲುಪ್ಪು ಒತ್ತಬೇಡ ಕಣೇ

ಲತಾ, ಹುಡುಗನ ಕೆಳತುಟಿ ಒಳಗೆ ಹುಣ್ಣಾಗಿದೆ, ಊಟವೇ ಸೇರುತ್ತಿಲ್ಲ ಅಂತ ಹಾಕಿದ್ದೆಯಲ್ಲ, ಫೋಟೋ ನೋಡಿದೆ. ನಡುವೆ ಬೆಳ್ಳಗೆ, ಸುತ್ತ ಕೆಂಪು. ಮಾಮೂಲಿ ಬಾಯಿ ಹುಣ್ಣಿನ ಥರಾನೇ ಇದೆ. ಅದು ಯಾರಿಗೂ ಅಂಟುವುದಿಲ್ಲ, ಲೋಟ ತಟ್ಟೆ ಬೇರೆ ಇಡಬೇಕಾಗಿಲ್ಲ. ಒಂದೆರಡು ವಾರದಲ್ಲಿ ತಾನಾಗೇ ಮಾಯುತ್ತದೆ. ಅಲ್ಲಿವರೆಗೆ ಉರಿ ಕಡಿಮೆ ಮಾಡುವುದಷ್ಟೇ ನಮ್ಮ ಕೆಲಸ.

ನಿಮ್ಮತ್ತೆ ಹೇಳಿದರು ಅಂತ ಕಲ್ಲುಪ್ಪು ಒತ್ತಬೇಡ ಕಣೇ, ಪಾಪ ಹುಡುಗ ಎಗರಿ ಬೀಳುತ್ತಾನೆ. ಉಗುರುಬೆಚ್ಚಗಿನ ನೀರು ಒಂದು ಲೋಟ, ಅದಕ್ಕೆ ಅರ್ಧ ಚಮಚ ಉಪ್ಪು. ದಿನಕ್ಕೆ ಮೂರ್ನಾಲ್ಕು ಸಲ ಮುಕ್ಕಳಿಸಿ ಉಗಿಯಲಿ. ಅದೂ ಉರಿದರೆ ಉಪ್ಪಿನ ಬದಲು ಅಡುಗೆ ಸೋಡಾ ಹಾಕು. ಊಟಕ್ಕೆ ಮುಂಚೆ ಐಸ್ ತುಂಡು ಚೀಪಿದರೆ ಸ್ವಲ್ಪ ಹೊತ್ತು ಮರಗಟ್ಟುತ್ತದೆ. ರಾತ್ರಿ ತುಪ್ಪ ಸವರು. ವಾಸಿ ಮಾಡುತ್ತೋ ಬಿಡುತ್ತೋ, ಹಲ್ಲು ಹುಣ್ಣಿಗೆ ತಾಗಿ ಉಜ್ಜುವುದಂತೂ ತಪ್ಪುತ್ತದೆ.

ಊಟಕ್ಕೆ ಮುದ್ದೆಯೇ ಸರಿ. ಹೇಗೂ ನುಂಗುವುದು ತಾನೇ, ಅಗಿಯುವ ರಗಳೆ ಇಲ್ಲ! ಉಪ್ಸಾರಿನ ಖಾರ ಮಾತ್ರ ಅವನ ತಟ್ಟೆಗೆ ಬೇಡ, ಸಪ್ಪೆ ಬೇಳೆಕಟ್ಟಿಗೆ ತುಪ್ಪ ಬಿಟ್ಟು ಕೊಡು. ನಿಪ್ಪಟ್ಟು, ಕೋಡುಬಳೆ ಡಬ್ಬಿ ಅಡಗಿಸಿಡು, ಚೂರು ಚುಚ್ಚಿದರೆ ಮತ್ತೆ ಗಾಯ.

ಉಷ್ಣ ಅಂತ ಎಲ್ಲರೂ ಹೇಳುತ್ತಾರೆ. ಎಳನೀರು ಕುಡಿಸು, ನಾನೇನೂ ಬೇಡ ಅನ್ನಲ್ಲ. ಆದರೆ ಪದೇ ಪದೇ ಬರುತ್ತಿದ್ದರೆ ಬಿ12, ಕಬ್ಬಿಣದಂಶ ಕಡಿಮೆ ಇದೆಯಾ ಅಂತ ರಕ್ತ ಟೆಸ್ಟ್ ಮಾಡಿಸು. ನಿಮ್ಮನೆಗೆ ಮೊಟ್ಟೆಯೂ ಬರಲ್ಲ, ಅವನು ಹಾಲು ಮೊಸರೂ ಮುಟ್ಟಲ್ಲ, ಇನ್ನು ಬಿ12 ಎಲ್ಲಿಂದ ಬರಬೇಕು? ಪೇಸ್ಟಿನ ಡಬ್ಬದ ಮೇಲೂ ಒಮ್ಮೆ ಕಣ್ಣಾಡಿಸು. ನೊರೆ ಬರಿಸುವ ಸೋಡಿಯಂ ಲಾರಿಲ್ ಸಲ್ಫೇಟ್ ಕೆಲವರಿಗೆ ಆಗಿಬರಲ್ಲ.

ಇನ್ನು ಭಾವ, ಈ ಮಾತು ನಿಮಗೆ. 'ನನಗೂ ಕೆನ್ನೆಯೊಳಗೆ ಒಂದಿದೆ, ತಿಂಗಳಾಯ್ತು, ನೋವೇ ಇಲ್ಲ' ಅಂತ ನಗುವ ಬೊಂಬೆ ಹಾಕಿದ್ದೀರಲ್ಲ, ನನಗೆ ನಗು ಬರಲಿಲ್ಲ. ನೋವಿಲ್ಲ ಅನ್ನುವುದೇ ಸಮಾಧಾನದ ಮಾತಲ್ಲ. ಕಡ್ಡಿಪುಡಿ ಇಟ್ಟುಕೊಳ್ಳುವ ಜಾಗದಲ್ಲೇ ಆಗಿದೆ ಅಲ್ವಾ? ಮೂರು ವಾರ ದಾಟಿದರೂ ಮಾಯದ ಹುಣ್ಣಿಗೆ ಮನೆಮದ್ದು ಬೇಡ. ಹೊಗೆಸೊಪ್ಪು, ಅಡಿಕೆ ಎರಡರಿಂದಲೂ ಬಾಯಿ ಕ್ಯಾನ್ಸರ್ ಬರುತ್ತದೆ. ಹೆದರಿಸುತ್ತಿಲ್ಲ, ಅದಲ್ಲ ಅಂತ ಡಾಕ್ಟರ್ ಬಾಯಲ್ಲಿ ಕೇಳಿಬಿಡೋಣ. ಮೈಸೂರಿನ ಜೆಎಸ್ಎಸ್ ಡೆಂಟಲ್ ಕಾಲೇಜಿನಲ್ಲಿ ಇದನ್ನು ನೋಡುವುದಕ್ಕೇ ಓರಲ್ ಮೆಡಿಸಿನ್ ವಿಭಾಗವಿದೆ. ಸೋಮವಾರ ಬೆಳಿಗ್ಗೆ ಮಂಡ್ಯದಿಂದ ಬಸ್ ಹತ್ತಿ, ಸ್ಟ್ಯಾಂಡಿಗೆ ನಾನೇ ಬರುತ್ತೇನೆ. ಎಲೆಚೀಲ ಅಕ್ಕನ ಕೈಗೆ ಕೊಟ್ಟು ಬನ್ನಿ.