ಟ್ಯಾಂಕ್ ನೆಗ್ಗಿದೆ ಮೇಸ್ತ್ರಿ, ಏನು ಮಾಡಲಿ?

ಅಡ್ಮಿನ್: ಇವತ್ತು ರಾತ್ರಿ ನಮ್ಮ ದಾವಣಗೆರೆ ಟಿಂಕರಿಂಗ್ ಮೇಸ್ತ್ರಿ ಗುಂಪಿನಲ್ಲಿ ಇರುತ್ತಾರೆ. ಪೆಟ್ರೋಲ್ ಟ್ಯಾಂಕ್ ನೆಗ್ಗು, ಸೋರಿಕೆ, ಬಣ್ಣ ಏನಿದ್ದರೂ ಕೇಳಿ. ಗುಡ್ ನೈಟ್ ಫೋಟೋ ಹಾಕಬೇಡಿ.

ನಿಟ್ಟುವಳ್ಳಿ ಸ್ಪ್ಲೆಂಡರ್: ನಮಸ್ಕಾರ ಮೇಸ್ತ್ರಿ. ಮಂಡಿಪೇಟೆಯಲ್ಲಿ ನಿಲ್ಲಿಸಿದ್ದ ಗಾಡಿಗೆ ತಳ್ಳುಗಾಡಿ ತಾಗಿ ಟ್ಯಾಂಕ್ ಅಂಗೈ ಅಗಲ ನೆಗ್ಗಿದೆ. ಬಣ್ಣ ಎದ್ದಿಲ್ಲ. ಬಣ್ಣ ಕೆಡದ ಹಾಗೆ ತೆಗೆಯಬಹುದಾ?

ಮೇಸ್ತ್ರಿ: ನಮಸ್ಕಾರ. ತೆಗೆಯಬಹುದು. ಅಗಲ ಜಾಸ್ತಿ, ಆಳ ಕಮ್ಮಿ ಇದ್ದರೆ ಮೇಲಿಂದಲೇ ಎಳೆದು ತೆಗೆಯುತ್ತೇವೆ. ಬಿಸಿ ಅಂಟಿನಲ್ಲಿ ಬಿಲ್ಲೆ ಕೂರಿಸಿ, ಆರಿದ ಮೇಲೆ ಎಳೆಯುವುದು. ಒಂದೇ ಸಲಕ್ಕೆ ಬರಲ್ಲ. ಎಳೆಯಬೇಕು, ಸುತ್ತ ಉಬ್ಬಿದ್ದನ್ನು ತಟ್ಟಿ ಕೂರಿಸಬೇಕು, ಮತ್ತೆ ಎಳೆಯಬೇಕು. ಕಂಪನಿ ಬಣ್ಣವಾದರೆ ಸಾಮಾನ್ಯವಾಗಿ ತಡೆಯುತ್ತದೆ. ಹಿಂದೆ ಯಾರಾದರೂ ಪುಟ್ಟಿ, ಅಂದರೆ ಗುಳಿ ಮುಚ್ಚುವ ಲೇಪ, ಹಾಕಿ ಬಣ್ಣ ಹೊಡೆದಿದ್ದರೆ ಬಿಲ್ಲೆ ಜೊತೆ ಬಣ್ಣವೂ ಕಿತ್ತು ಬರುತ್ತದೆ. ಬಟ್ಟೆ ಸುತ್ತಿದ ಅಯಸ್ಕಾಂತ ಇಟ್ಟು ನೋಡಿ. ಒಂದು ಕಡೆ ಗಟ್ಟಿಯಾಗಿ ಹಿಡಿದು ಇನ್ನೊಂದು ಕಡೆ ಜಾರಿದರೆ ಅಲ್ಲಿ ಪುಟ್ಟಿ ಇದೆ ಅಂತಲೇ.

ಬೆಣ್ಣೆನಗರಿ: ರೇಟ್ ಎಷ್ಟಾಗುತ್ತೆ ಸರ್?

ಮೇಸ್ತ್ರಿ: ನೋಡದೆ ಹೇಳಲ್ಲ.

ಹರಿಹರ ಹುಡುಗ: ಅಷ್ಟೆಲ್ಲ ಯಾಕಣ್ಣ? ಈ ವಿಡಿಯೋ ನೋಡಿ. ಹೇರ್ ಡ್ರೈಯರಲ್ಲಿ ಕಾಯಿಸಿ, ಡಿಯೋಡರೆಂಟ್ ಬಾಟಲಿ ತಲೆಕೆಳಗೆ ಹಿಡಿದು ಸ್ಪ್ರೇ ಮಾಡಿದರೆ ಟಪ್ ಅಂತ ಹೊರಗೆ ಬರುತ್ತೆ.

ಮೇಸ್ತ್ರಿ: ಅದು ಕಾರಿನ ಬಾಗಿಲು. ಹೆಚ್ಚುಕಮ್ಮಿ ಚಪ್ಪಟೆ ತಗಡು. ಟ್ಯಾಂಕ್ ಎಲ್ಲಾ ಕಡೆ ಬಾಗಿರುವ ತಗಡು. ಪೆಟ್ಟು ಬಿದ್ದ ಕಡೆ ಅದು ಹಿಗ್ಗಿ ಗಟ್ಟಿಯಾಗಿರುತ್ತದೆ. ಬಿಸಿ, ತಂಪು ಮಾಡಿದರೆ ಅಲ್ಲಾಡುವುದೂ ಇಲ್ಲ. ಆಮೇಲೆ ಡಿಯೋ ಬಾಟಲಿಯಲ್ಲಿ ಇರುವ ಗ್ಯಾಸ್ ಯಾವುದು ಅಂದುಕೊಂಡಿದ್ದೀರಿ? ಹೆಚ್ಚಿನವುಗಳಲ್ಲಿ ಬ್ಯೂಟೇನ್, ಪ್ರೊಪೇನ್. ಅಡುಗೆ ಸಿಲಿಂಡರಿನಲ್ಲಿ ಇರುವುದೂ ಅದೇ. ಪೆಟ್ರೋಲ್ ಟ್ಯಾಂಕ್ ಎದುರಿಗೆ, ಒಳಗೆ ಕೆಂಪಗೆ ಕಾದ ತಂತಿ ಇರುವ ಡ್ರೈಯರ್ ಕೈಯಲ್ಲಿ, ಅದರ ಮೇಲೆ ಈ ಗ್ಯಾಸು. ನೀವೇ ಯೋಚನೆ ಮಾಡಿ.

ಹರಿಹರ ಹುಡುಗ: ಫಾರ್ವರ್ಡ್ ಬಂದಿತ್ತು, ಹಾಕಿದೆ ಅಷ್ಟೆ.

ಜಾವಾ ಕಾಕಾ: ನನ್ನದು ಕ್ರೋಮ್ ಟ್ಯಾಂಕ್. ನೆಗ್ಗು ತೆಗೆದರೆ ಕ್ರೋಮ್ ಉಳಿಯುತ್ತದಾ?

ಆರ್‌ಎಕ್ಸ್ ವಿನೋಬನಗರ: ಮೇಸ್ತ್ರಿ, ಆರ್‌ಎಕ್ಸ್ 100. ಟ್ಯಾಂಕ್ ಮುಂಭಾಗದಲ್ಲಿ ಎರಡೂ ಪಕ್ಕ ಒಂದೇ ಎತ್ತರಕ್ಕೆ ಗೋಲಿ ಗಾತ್ರದ ನೆಗ್ಗು. ಗಾಡಿ ಬಿದ್ದಿದ್ದು ಎಡಕ್ಕೆ ಮಾತ್ರ. ಬಲಕ್ಕೆ ಹೇಗೆ ಬಂತು?

ಮೇಸ್ತ್ರಿ: ಇದು ಒಳ್ಳೇ ಪ್ರಶ್ನೆ. ಗಾಡಿ ಸ್ಟ್ಯಾಂಡ್ ಹಾಕಿ ಹ್ಯಾಂಡಲನ್ನು ನಿಧಾನಕ್ಕೆ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ. ಸ್ವಿಚ್ಚೋ ಲಿವರ್ ಬುಡವೋ ಆ ಗುಳಿಗೇ ಬಂದು ಕೂರುತ್ತದಾ ನೋಡಿ. ಕೂತರೆ ಹ್ಯಾಂಡಲ್ ಅತಿಯಾಗಿ ತಿರುಗದಂತೆ ತಡೆಯುವ ಸ್ಟಾಪರ್ ಸವೆದಿದೆ ಇಲ್ಲ ಮುರಿದಿದೆ. ಗಿಡ್ಡ ಹ್ಯಾಂಡಲ್ ಹಾಕಿಸಿದ್ದರೂ ಹೀಗೇ ಆಗುತ್ತದೆ. ಮೊದಲು ಅದನ್ನು ಸರಿ ಮಾಡಿಸಿ. ಇಲ್ಲದಿದ್ದರೆ ನಾನು ತೆಗೆದ ಗುಳಿ ವಾರದಲ್ಲಿ ವಾಪಸ್ ಬರುತ್ತದೆ. ಟ್ಯಾಂಕಿಗೂ ಹ್ಯಾಂಡಲಿಗೂ ಮಧ್ಯೆ ಬೆರಳು ಸಿಕ್ಕಿಹಾಕಿಕೊಂಡರೆ ಇನ್ನೂ ಚೆನ್ನ.

ಆರ್‌ಎಕ್ಸ್ ವಿನೋಬನಗರ: ಗಿಡ್ಡ ಹ್ಯಾಂಡಲ್ಲೇ ಮೇಸ್ತ್ರಿ 🙏 ಹಾಗಾದರೆ ಟ್ಯಾಂಕಿಗೆ ಪೂರ್ತಿ ಹೊಸ ಬಣ್ಣ ಹೊಡೆಸಿಬಿಡಲಾ?

ಬುಲೆಟ್ ಹದಡಿ ರೋಡ್: ಹೊಡೆಸಿ. ಎರಡು ಗುಳಿಗೆ ಪುಟ್ಟಿ ತುಂಬಿ ಬಣ್ಣ ಹೊಡೆದರೆ ಮುಗೀತು.

ಹಳೇ ಗಾಡಿ ಪ್ರೇಮಿ: ದಯವಿಟ್ಟು ಬೇಡ. 1996ಕ್ಕೇ ತಯಾರಿಕೆ ನಿಂತುಹೋದ ಗಾಡಿ. ಕಂಪನಿ ಬಣ್ಣ ಒಂದು ಸಲ ಹೋದರೆ ಮತ್ತೆ ಬರುತ್ತಾ? ಗುಳಿ ಇದ್ದರೆ ಇರಲಿ.

ಬುಲೆಟ್ ಹದಡಿ ರೋಡ್: ಗಾಡಿ ಓಡಿಸೋಕೋ, ಷೋಕೇಸಲ್ಲಿ ಇಡೋಕೋ?

ಹಳೇ ಗಾಡಿ ಪ್ರೇಮಿ: ಪುಟ್ಟಿ ಮೆತ್ತಿ ಒರಿಜಿನಲ್ ಅಂತ ಮಾರುವವರು ಹೀಗೇ ಮಾತಾಡೋದು.

ಬುಲೆಟ್ ಹದಡಿ ರೋಡ್: ಯಾರಿಗೆ ಹೇಳ್ತಿದ್ದೀರಿ? ಸರಿಯಾಗಿ ಹೇಳಿ.

ಮೇಸ್ತ್ರಿ: ಪುಟ್ಟಿ ತಪ್ಪಲ್ಲ. ಎಳೆದು, ತಟ್ಟಿ, ಕೊನೆಗೆ ಉಳಿದ ಏರುತಗ್ಗಿಗೆ ತೆಳ್ಳಗೆ ಎಳೆಯುವುದು ಪುಟ್ಟಿ. ಗುಳಿ ತುಂಬಿಸುವುದಕ್ಕಲ್ಲ. ದಪ್ಪ ಹಾಕಿದರೆ ಬಿಸಿಲಿಗೆ, ಅಲುಗಾಟಕ್ಕೆ ಬಿರುಕು ಬಿಡುತ್ತದೆ. ಬೇರೆ ಬಣ್ಣ ಹೊಡೆಸುವುದಾದರೆ ಆರ್‌ಸಿಯಲ್ಲೂ ಬದಲಾಯಿಸಬೇಕು.

ಕೆ.ಟಿ.ಜೆ. ನಗರ ಪಲ್ಸರ್: ಪಂಕ್ಚರ್ ಅಂಗಡಿಯಲ್ಲಿ ಕ್ಯಾಪಿಗೆ ಟ್ಯೂಬಿನ ವಾಲ್ವ್ ಕೂರಿಸಿ ಗಾಳಿ ಹೊಡೆದರೆ ನೆಗ್ಗು ತಾನೇ ಉಬ್ಬುತ್ತಂತೆ, ಹೌದಾ?

ಮೇಸ್ತ್ರಿ: ನೆಗ್ಗಿಗಿಂತ ಮೊದಲು ಟ್ಯಾಂಕಿನ ಅಡಿ ಉಬ್ಬುತ್ತದೆ. ಆಮೇಲೆ ಅದು ಫ್ರೇಮ್ ಮೇಲೆ ಕೂರಲ್ಲ. ಜಾಯಿಂಟ್ ಹರಿದರೆ ಮುಖಕ್ಕೇ. ಮಾಡಬೇಡಿ.

ಹೊನ್ನಾಳಿ: ಅಣ್ಣಾ, ಅರ್ಜೆಂಟ್. ಅಪ್ಪನ ಗಾಡಿ ಬಿದ್ದು ಟ್ಯಾಂಕ್ ಕೆಳಗೆ ಜಾಯಿಂಟ್ ಹತ್ತಿರ ನೆಗ್ಗಿದೆ, ಅಲ್ಲೇ ಹನಿ ಹನಿ ಸೋರುತ್ತಿತ್ತು. ಪೆಟ್ರೋಲ್ ಪೂರ್ತಿ ತೆಗೆದು, ಸೋಪು ನೀರಲ್ಲಿ ತೊಳೆದು, ಬೆಳಿಗ್ಗೆಯಿಂದ ಬಿಸಿಲಿಗೆ ಇಟ್ಟಿದ್ದೆವು. ಪಕ್ಕದ ಮನೆಯಲ್ಲಿ ಗ್ರಿಲ್ ಕೆಲಸದವರಿದ್ದಾರೆ. ಈಗಲೇ ಗ್ಯಾಸ್ ವೆಲ್ಡಿಂಗ್ ಹಿಡಿದುಬಿಡುತ್ತೇನೆ, ಖಾಲಿ ಟ್ಯಾಂಕಿಗೆ ಏನೂ ಆಗಲ್ಲ ಅನ್ನುತ್ತಿದ್ದಾರೆ.

ಬುಲೆಟ್ ಹದಡಿ ರೋಡ್: ಪುಟ್ಟಿ ಮೆತ್ತಿ ಮಾರಿದೆ ಅಂದವರು ಎಲ್ಲಿ ಹೋದರು?

ಮೇಸ್ತ್ರಿ: ಎಲ್ಲರೂ ಒಂದು ನಿಮಿಷ ಸುಮ್ಮನಿರಿ. ಹೊನ್ನಾಳಿಯವರೇ, ಮೊದಲು ಅವರನ್ನು ನಿಲ್ಲಿಸಿ, ಆಮೇಲೆ ಓದಿ.

ಖಾಲಿ ಟ್ಯಾಂಕೇ ಅಪಾಯ. ಹೊತ್ತಿಕೊಳ್ಳುವುದು ಪೆಟ್ರೋಲ್ ಅಲ್ಲ, ಅದರ ಆವಿ. ಗಾಳಿಯಲ್ಲಿ ಆವಿ ಶೇಕಡಾ 1.4ರಿಂದ 7.6ರವರೆಗೆ ಬೆರೆತಿದ್ದರೆ ಸಿಡಿಯುತ್ತದೆ. ತುಂಬಿದ ಟ್ಯಾಂಕಿನಲ್ಲಿ ಆವಿ ಅದಕ್ಕಿಂತ ದಟ್ಟ ಇರುತ್ತದೆ, ಒಳಗೆ ಸಿಡಿಯಲು ಗಾಳಿ ಸಾಲುವುದಿಲ್ಲ. ಖಾಲಿ ಮಾಡಿ ಗಾಳಿ ಆಡಿಸಿದ ಟ್ಯಾಂಕಿನಲ್ಲಿ ಸರಿಯಾಗಿ ಈ ಅಳತೆಗೆ ಬಂದು ನಿಂತಿರಬಹುದು. ಆವಿ ಗಾಳಿಗಿಂತ ಮೂರು ಪಟ್ಟಿಗೂ ಹೆಚ್ಚು ಭಾರ. ಬಾಯಿ ತೆರೆದು ಬಿಸಿಲಿಗಿಟ್ಟರೆ ಎಲ್ಲ ಮೇಲೆ ಹೋಗುತ್ತದೆ ಅಂದುಕೊಳ್ಳಬೇಡಿ, ತಳದಲ್ಲೇ ಕೂತಿರುತ್ತದೆ. ಇನ್ನು ನಿಮ್ಮ ನೆಗ್ಗು ಇರುವುದು ಜಾಯಿಂಟಿನಲ್ಲಿ. ಎರಡು ತಗಡಿನ ಸಂದಿಯಲ್ಲಿ, ತುಕ್ಕಿನಲ್ಲಿ ಪೆಟ್ರೋಲ್ ಅಡಗಿರುತ್ತದೆ. ಮೂಸಿದರೆ ವಾಸನೆ ಬರಲ್ಲ. ಜ್ವಾಲೆ ಹಿಡಿದ ತಕ್ಷಣ ಅದು ಆವಿಯಾಗಿ ಹೊರಗೆ ಬರುತ್ತದೆ. ಗ್ರಿಲ್ ಕೆಲಸ ಬೇರೆ, ಇದು ಬೇರೆ.

ನಾವು ಮಾಡುವಾಗ ಪೆಟ್ರೋಲ್ ಕಾಕ್, ಕ್ಯಾಪ್, ಪೆಟ್ರೋಲ್ ಮಟ್ಟ ತೋರಿಸುವ ಫ್ಲೋಟ್ ಎಲ್ಲ ಬಿಚ್ಚಿ, ಸೋಪು ಹಾಕಿದ ಕುದಿನೀರಲ್ಲಿ ಮತ್ತೆ ಮತ್ತೆ ತೊಳೆಯುತ್ತೇವೆ. ಆಮೇಲೆ ತೂತು ಮೇಲಕ್ಕೆ ಬರುವ ಹಾಗೆ ತಿರುಗಿಸಿ, ಅದರ ಹತ್ತಿರದವರೆಗೂ ನೀರು ತುಂಬುತ್ತೇವೆ. ಬಿಸಿಯಾದ ಗಾಳಿ ಹೊರಗೆ ಹೋಗಲು ದಾರಿ ಬಿಟ್ಟಿರುತ್ತೇವೆ. ಇಷ್ಟಾದ ಮೇಲೇ ಬೆಂಕಿ, ಹಿತ್ತಾಳೆ ಬೆಸುಗೆ.

ಹರಿಹರ ಹುಡುಗ: ದಾರಿಯಲ್ಲಿ ಸೋರಿದರೆ ಬಟ್ಟೆ ಸೋಪು ಉಜ್ಜಿದರೆ ನಿಲ್ಲುತ್ತೆ ಅಂತಾರೆ. ಇದೂ ಫಾರ್ವರ್ಡಾ?

ಮೇಸ್ತ್ರಿ: ಅದು ನಿಜ. ಸೋಪು ಪೆಟ್ರೋಲಿಗೆ ಕರಗಲ್ಲ. ಗ್ಯಾರೇಜ್ ಮುಟ್ಟುವವರೆಗೆ ಮಾತ್ರ.

ಬೆಣ್ಣೆನಗರಿ: ಅಂದಾಜು ರೇಟ್ ಆದರೂ ಹೇಳಿ ಸರ್.

ಮೇಸ್ತ್ರಿ: ಮೇಲೆ ಓದಿ.

ಜಾವಾ ಕಾಕಾ: ಕ್ರೋಮ್ ಬಗ್ಗೆ ಕೇಳಿದ್ದೆ.

ಹಳೇ ಗಾಡಿ ಪ್ರೇಮಿ: ಇಲ್ಲೇ ಇದ್ದೇನೆ. ಆ ಬುಲೆಟ್ ಯಾರಿಗೆ ಮಾರಿದಿರಿ ಅಂತ ಗುಂಪಿಗೆ ಗೊತ್ತು.

ಅಡ್ಮಿನ್: ಇಬ್ಬರೂ ಪರ್ಸನಲ್ ಆಗಿ ಮಾತಾಡಿಕೊಳ್ಳಿ. ಇನ್ನೊಂದು ಮೆಸೇಜ್ ಬಂದರೆ ತೆಗೆಯುತ್ತೇನೆ.

ಹೊನ್ನಾಳಿ: ಅಣ್ಣಾ ನಿಲ್ಲಿಸಿದೆ. ಮುಕ್ಕಾಲು ಟ್ಯಾಂಕ್ ನೀರು ತುಂಬಿ ಮಾಡುತ್ತಾರಂತೆ, ಸಾಕಲ್ವಾ?

ಮೇಸ್ತ್ರಿ: ಸಾಲದು. ಉಳಿದ ಕಾಲು ಭಾಗದಲ್ಲಿ ಏನಿದೆ ಅಂತ ಇಷ್ಟುದ್ದ ಬರೆದಿದ್ದೇನಲ್ಲ! ಅವರ ಕೈಯಲ್ಲಿ ಬೇಡ. ಟ್ಯಾಂಕನ್ನು ಮನೆ ಒಳಗೂ ಇಡಬೇಡಿ, ಒಲೆ ಇರುತ್ತದೆ, ದೇವರ ದೀಪ ಇರುತ್ತದೆ. ಹಿತ್ತಲಲ್ಲಿ ಇಡಿ. ನಾಳೆ ಯಾರದ್ದಾದರೂ ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಬನ್ನಿ. ಬಸ್ಸಲ್ಲಿ ತರಬೇಡಿ.