ಜೀನ್ಸ್ ಘಟಕಕ್ಕೆ ಮುಖ ನೋಡಿ ಹಾಜರಿ ಹಾಕುವ ಯಂತ್ರ ಬರುತ್ತಿದೆ, ಪಗಾರ ಕಡಿತವನ್ನೂ ಅದಕ್ಕೇ ಬಿಡಬಹುದೇ?

ಪಗಾರಪಟ್ಟಿ_ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕ, 140 ಜನ, ಹೆಚ್ಚಿನವರು ಹೆಣ್ಣುಮಕ್ಕಳು. ಮೂರು ಹೊಸ ವ್ಯವಸ್ಥೆ ಬರಲಿವೆ. ಬಾಗಿಲಲ್ಲಿ ಮುಖ ನೋಡಿ ಹಾಜರಿ ಹಾಕುವ ಯಂತ್ರ, ಬಂಡಲ್ ಚೀಟಿಯ ಬಾರ್‌ಕೋಡ್‌ನಿಂದ ಯಾರು ಎಷ್ಟು ಪೀಸ್ ಮುಗಿಸಿದರೆಂದು ಎಣಿಸುವ ಸಾಫ್ಟ್‌ವೇರ್, ಕೊನೆಯ ತಪಾಸಣೆಗೆ ಕ್ಯಾಮೆರಾ. ಮೊದಲಿನ ಎರಡೂ ನೇರವಾಗಿ ಪಗಾರದ ಲೆಕ್ಕಕ್ಕೆ ಹೋಗುತ್ತವೆ. 10 ನಿಮಿಷ ತಡವಾದರೆ ಅರ್ಧ ದಿನದ ಪಗಾರ ತಾನೇ ಕಡಿತ ಆಗುತ್ತದೆ, ಮಾಹಿತಿಯೆಲ್ಲ ತಮ್ಮ ಸರ್ವರ್‌ನಲ್ಲೇ ಇರುತ್ತದೆ ಅಂತ ಮಾರುವವರು ಹೇಳುತ್ತಾರೆ. ಇದು ಕಾನೂನಿಗೆ ಒಪ್ಪುತ್ತದೆಯೇ? ಕೆಲಸಗಾರರ ಒಪ್ಪಿಗೆ ಬೇಕೇ? ಕ್ಯಾಮೆರಾ ಬಂದ ಮೇಲೆ ಆರು ಜನ ಚೆಕ್ಕರ್‌ಗಳನ್ನು ಬಿಡಿಸುವ ಮಾತೂ ಇದೆ. ಅದರ ಕ್ರಮ ಹೇಗೆ?

ಕಾರ್ಮಿಕ_ಕಾಯ್ದೆ_ರಾಯಚೂರು

ಮೊದಲು ಆ ಅರ್ಧ ದಿನದ ಕಡಿತ ತೆಗೆಸ್ರಿ. ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಗೈರುಹಾಜರಿಗೆ ಮುರಿದುಕೊಳ್ಳುವ ಹಣ ಗೈರಾದ ಹೊತ್ತಿಗೆ ತಕ್ಕಷ್ಟೇ ಇರಬೇಕು ಅಂತ ಅದರ 20ನೇ ಕಲಂ ಹೇಳುತ್ತದೆ. ದಿನಕ್ಕೆ 8 ತಾಸು, 600 ರೂಪಾಯಿ ಅಂತ ಹಿಡಿಯಿರಿ. ನಿಮಿಷಕ್ಕೆ 1 ರೂಪಾಯಿ 25 ಪೈಸೆ. 12 ನಿಮಿಷ ತಡವಾದರೆ 15 ರೂಪಾಯಿ ಮುರಿಯಬಹುದು. ನಿಮ್ಮ ಸಾಫ್ಟ್‌ವೇರ್ ಮುರಿಯುವುದು 300. ಮೇಲಿನ 285 ರೂಪಾಯಿ ಗೈರಿನ ಲೆಕ್ಕಕ್ಕೆ ಬರುವುದಿಲ್ಲ, ಅದು ದಂಡ.

ದಂಡದ ದಾರಿಯೇ ಬೇರೆ. ಯಾವ ಯಾವ ತಪ್ಪಿಗೆ ದಂಡ ಎಂಬ ಪಟ್ಟಿಗೆ ಮೊದಲು ಸರಕಾರದ ಅಥವಾ ಅದು ನೇಮಿಸಿದ ಪ್ರಾಧಿಕಾರದ ಮಂಜೂರಾತಿ ಪಡೆದು, ಎಲ್ಲರಿಗೂ ಕಾಣುವಂತೆ ಹಚ್ಚಿರಬೇಕು. ದಂಡ ಹಾಕುವ ಮುಂಚೆ ಆ ವ್ಯಕ್ತಿಯ ಕಾರಣ ಕೇಳಬೇಕು. ಒಂದು ಪಗಾರದ ಅವಧಿಯಲ್ಲಿ ಒಟ್ಟು ದಂಡ ಪಗಾರದ ಶೇ 3 ದಾಟುವಂತಿಲ್ಲ. ತಾನೇ ಮುರಿದುಕೊಳ್ಳುವ ಸಾಫ್ಟ್‌ವೇರ್ ಯಾರ ಕಾರಣವನ್ನೂ ಕೇಳುವುದಿಲ್ಲ, ಹಾಗಾಗಿ ಆ ಕೆಲಸವನ್ನು ಅದಕ್ಕೆ ಒಪ್ಪಿಸಲು ಬರುವುದೇ ಇಲ್ಲ.

ಇನ್ನೊಂದು ಸೆಟ್ಟಿಂಗ್ ಒಳಗೆ ಅಡಗಿ ಕೂತಿರುತ್ತದೆ: ಹೊತ್ತನ್ನು 15 ನಿಮಿಷಕ್ಕೆ ಸರಿಹೊಂದಿಸುವುದು. 8:01ಕ್ಕೆ ಬಂದರೆ 8:15 ಅಂತ, 5:44ಕ್ಕೆ ಹೋದರೆ 5:30 ಅಂತ ಬರೆದುಕೊಳ್ಳುತ್ತದೆ. ದಿನಕ್ಕೆ 28 ನಿಮಿಷ ಹೋಯಿತು. 26 ದಿನಕ್ಕೆ 728 ನಿಮಿಷ, ಅಂದರೆ 12 ತಾಸು 8 ನಿಮಿಷ. ಮೇಲಿನ ದರದಲ್ಲಿ 910 ರೂಪಾಯಿ. ಹೀಗೆ ಹೋದದ್ದು ಓವರ್‌ಟೈಮ್ ಹೊತ್ತಾಗಿದ್ದರೆ ನಷ್ಟ ದುಪ್ಪಟ್ಟು, ಯಾಕೆಂದರೆ ಓವರ್‌ಟೈಮ್ ದರ ಎರಡು ಪಟ್ಟಿಗೆ ಕಡಿಮೆ ಇರುವಂತಿಲ್ಲ. ನಿಮಿಷಕ್ಕೆ ನಿಮಿಷ ದಾಖಲಾಗುವಂತೆ ಇಡಿಸ್ರಿ.

ಪೀಸ್ ಲೆಕ್ಕದಲ್ಲಿ ಪಗಾರ ಕೊಡುವುದಾದರೂ, ಪೀಸಿಗೆ ಬೇರೆ ಕನಿಷ್ಠ ದರ ನಿಗದಿಯಾಗಿಲ್ಲದಿದ್ದರೆ ಹೊತ್ತಿನ ಲೆಕ್ಕದ ಕನಿಷ್ಠ ವೇತನಕ್ಕಿಂತ ಇಳಿಯುವಂತಿಲ್ಲ. ಎರಡನ್ನೂ ಹೋಲಿಸಿ ಹೆಚ್ಚಿನದನ್ನು ಕೊಡುವ ಸೂತ್ರ ಸಾಫ್ಟ್‌ವೇರ್‌ನಲ್ಲಿ ಇದೆಯೇ ಅಂತ ನೋಡ್ರಿ. ದಿನಗೂಲಿಯಿಂದ ಪೀಸ್ ಲೆಕ್ಕಕ್ಕೆ ಹೋಗುವುದಿದ್ದರೆ ಕೈಗಾರಿಕಾ ಸಂಬಂಧ ಸಂಹಿತೆಯ 40ನೇ ಕಲಂ ಪ್ರಕಾರ 21 ದಿನ ಮೊದಲು ನೋಟಿಸ್ ಕೊಡಬೇಕು. ಮುಂದಿನ ತಿಂಗಳೇ ಶುರು ಅನ್ನುವುದಾದರೆ ದಿನ ಎಣಿಸಿಕೊಳ್ಳಿ.

ಮಾಹಿತಿ_ರಕ್ಷಣೆ

ಒಪ್ಪಿಗೆಯ ವಿಷಯ ಈಗ ಎರಡು ಕಾನೂನುಗಳ ನಡುವೆ ಇದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರದ್ದು. ಅದರ ನಿಯಮ 2025ರ ನವೆಂಬರ್‌ನಲ್ಲಿ ಹೊರಬಿತ್ತು. ಮಾಲೀಕರ ಮುಖ್ಯ ಹೊಣೆಗಳು ಅಲ್ಲಿಂದ 18 ತಿಂಗಳಿಗೆ, ಅಂದರೆ 2027ರ ಮೇ ತಿಂಗಳಲ್ಲಿ ಜಾರಿಗೆ ಬರುತ್ತವೆ. ಅಲ್ಲಿಯವರೆಗೆ ಐಟಿ ಕಾಯ್ದೆಯ 43ಎ ಕಲಂ ಮತ್ತು 2011ರ ನಿಯಮಗಳೇ ನಡೆಯುತ್ತವೆ. ಅವುಗಳಲ್ಲಿ ಬಯೋಮೆಟ್ರಿಕ್ ಅನ್ನುವುದು ಸೂಕ್ಷ್ಮ ಮಾಹಿತಿ; ಲಿಖಿತ ಒಪ್ಪಿಗೆ ಬೇಕು, ಕೊಡದೇ ಇರುವ ಅವಕಾಶವೂ ಇರಬೇಕು. ಪಾಲುದಾರಿಕೆ ಸಂಸ್ಥೆ, ಒಬ್ಬರೇ ಮಾಲೀಕರಿರುವ ಘಟಕ ಎಲ್ಲಕ್ಕೂ ಇದು ಅನ್ವಯ.

ಹೊಸ ಕಾಯ್ದೆಯ 7ನೇ ಕಲಂ ‘ಉದ್ಯೋಗದ ಉದ್ದೇಶ’ಕ್ಕೆ ಒಪ್ಪಿಗೆಯಿಲ್ಲದೆ ಮಾಹಿತಿ ಬಳಸಲು ಬಿಡುತ್ತದೆ. ಇದನ್ನೇ ಹಿಡಿದು ಏನು ಬೇಕಾದರೂ ಮಾಡಬಹುದು ಅಂತ ಕೆಲವರು ಹೇಳುತ್ತಾರೆ. ಅದು ತಪ್ಪು. ಹಾಜರಿ ಉದ್ಯೋಗದ ಉದ್ದೇಶ. ಅದೇ ಮುಖದ ಚಿತ್ರ ಇಟ್ಟುಕೊಂಡು ಯಾರು ಯಾರ ಜೊತೆ ಎಷ್ಟು ಹೊತ್ತು ಮಾತಾಡಿದರು, ಶೌಚಕ್ಕೆ ಎಷ್ಟು ಸಲ ಎದ್ದರು ಅಂತ ನೋಡುವುದನ್ನು ಆ ಹೆಸರಿನಲ್ಲಿ ಸಮರ್ಥಿಸಲು ಆಗುವುದಿಲ್ಲ. ಜೊತೆಗೆ, ವ್ಯಕ್ತಿಯ ಮೇಲೆ ಪರಿಣಾಮ ಬೀರುವ ತೀರ್ಮಾನಕ್ಕೆ ಬಳಸುವ ಮಾಹಿತಿ ಪೂರ್ತಿಯೂ ನಿಖರವೂ ಆಗಿರಬೇಕು ಅಂತ 8ನೇ ಕಲಂ ಹೇಳುತ್ತದೆ. ಪಗಾರ ಅಂಥ ತೀರ್ಮಾನ.

ಸರ್ವರ್ ಅವರದ್ದಾದರೂ ಹೊಣೆ ನಿಮ್ಮದೇ. ಕರಾರಿನಲ್ಲಿ ಇವನ್ನು ಬರೆಸಿ: ಫೋಟೊ ಉಳಿಸಬಾರದು, ಮುಖದ ಟೆಂಪ್ಲೇಟ್ (ಮುಖದ ಗುರುತಿನ ಅಂಕಿ ರೂಪ) ಮಾತ್ರ, ಅದೂ ಎನ್‌ಕ್ರಿಪ್ಟ್ ಆಗಿರಬೇಕು. ಆಧಾರ್ ಸಂಖ್ಯೆ ಅದರ ಪಕ್ಕದಲ್ಲಿ ಬೇಡ, ನೌಕರರ ಸಂಖ್ಯೆ ಸಾಕು. ಕೆಲಸ ಬಿಟ್ಟವರ ಟೆಂಪ್ಲೇಟ್ ಕೊನೆಯ ಲೆಕ್ಕ ಮುಗಿದ ಮೇಲೆ ಅಳಿಸಬೇಕು (ಪಗಾರದ ರಿಜಿಸ್ಟರ್ ಬೇರೆ, ಅದನ್ನು ಇಡಲೇಬೇಕು). ತಮ್ಮ ಸಾಫ್ಟ್‌ವೇರ್‌ಗೆ ತರಬೇತಿ ಕೊಡಲು ನಿಮ್ಮವರ ಮುಖ ಬಳಸಬಾರದು. ಸೋರಿಕೆಯಾದರೆ ಕೂಡಲೇ ನಿಮಗೆ ತಿಳಿಸಬೇಕು, ಯಾಕೆಂದರೆ ಹೊಸ ನಿಯಮದಲ್ಲಿ ದತ್ತಾಂಶ ಸಂರಕ್ಷಣಾ ಮಂಡಳಿಗೆ ವಿವರವಾದ ವರದಿ ಕೊಡಲು ನಿಮಗಿರುವುದು 72 ತಾಸು. ಭದ್ರತೆಯಲ್ಲಿ ಸೋತರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು.

ಯಂತ್ರ_ನಿರ್ವಹಣೆ_ಕೊಪ್ಪಳ

ಕಾನೂನು ಮೇಲಿನವರು ಹೇಳಿದ್ದಾರೆ. ಯಂತ್ರ ಎಲ್ಲಿ ತಪ್ಪುತ್ತದೆ ಅನ್ನುವುದನ್ನು ನಾನು ಹೇಳುತ್ತೇನೆ.

ಬಾಗಿಲು ಪೂರ್ವಕ್ಕಿದ್ದರೆ ಬೆಳಿಗ್ಗೆ 8ರ ಬಿಸಿಲು ಬರುವವರ ಬೆನ್ನಿಗೆ ಬೀಳುತ್ತದೆ, ಕ್ಯಾಮೆರಾಕ್ಕೆ ಮುಖ ಕಪ್ಪಾಗಿ ಕಾಣುತ್ತದೆ. ಯಂತ್ರವನ್ನು ಒಳಗೋಡೆಗೆ, ನೆರಳಿನಲ್ಲಿ ಕೂಡಿಸಬೇಕು. ಹೊಲಿಗೆ ಸಾಲಿನ ಹತ್ತಿರ ಹಾಕಿದರೆ ಡೆನಿಮ್ ಧೂಳು ಗಾಜಿನ ಮೇಲೆ ಕೂರುತ್ತದೆ. ಪ್ರತಿ ಪಾಳಿಗೂ ಒಣ ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ತಲೆಮೇಲೆ ಸೆರಗು ಹೊದ್ದವರ, ಧೂಳಿಗೆ ಮುಖಕ್ಕೆ ಬಟ್ಟೆ ಕಟ್ಟಿದವರ ಮುಖವನ್ನು ಮೂರು ನಾಲ್ಕು ಸಲ ತೋರಿಸಬೇಕಾಗುತ್ತದೆ. 140 ಜನ ಒಂದೇ ಯಂತ್ರದ ಮುಂದೆ, ಒಬ್ಬರಿಗೆ 5 ಸೆಕೆಂಡ್ ಅಂದರೂ 700 ಸೆಕೆಂಡ್, ಹೆಚ್ಚುಕಡಿಮೆ 12 ನಿಮಿಷ. ಅಂದರೆ ಎಲ್ಲರೂ ಹೊತ್ತಿಗೆ ಸರಿಯಾಗಿ ಬಂದರೂ ಸಾಲಿನ ಕೊನೆಯವರು ತಡ ಅಂತ ಬೀಳುತ್ತಾರೆ. ಎರಡು ಯಂತ್ರ ಇಡಿ, ಇಲ್ಲವೇ ಗೇಟು ದಾಟಿದ ಹೊತ್ತನ್ನೇ ಹಿಡಿಯಿರಿ.

ಕರೆಂಟ್ ಹೋಗಿ ಬಂದಾಗ ಕೆಲವು ಯಂತ್ರಗಳ ಗಡಿಯಾರ ಹಿಂದೆ ಸರಿಯುತ್ತದೆ. ಒಳಗಿನ ಗುಂಡಿ ಬ್ಯಾಟರಿ ಸತ್ತಿದ್ದರೆ ಹೀಗಾಗುತ್ತದೆ. ಯುಪಿಎಸ್ ಕೊಡಿ, ವಾರಕ್ಕೊಮ್ಮೆ ಹೊತ್ತು ತಾಳೆ ನೋಡಿ. ಬಾರ್‌ಕೋಡ್‌ನಲ್ಲಿ ದೊಡ್ಡ ತೊಂದರೆ ರಿಪೇರಿ ಪೀಸಿನದ್ದು: ಒಬ್ಬರು ಹೊಲಿದ ಬಂಡಲ್ ವಾಪಸ್ ಬಂದು ಇನ್ನೊಬ್ಬರು ಬಿಚ್ಚಿ ಹೊಲಿದರೆ, ಕೊನೆಗೆ ಸ್ಕ್ಯಾನ್ ಮಾಡಿದವರ ಲೆಕ್ಕಕ್ಕೆ ಪೂರ್ತಿ ಬಂಡಲ್ ಹೋಗಿಬಿಡುತ್ತದೆ. ರಿಪೇರಿಗೆ ಬೇರೆ ಬಣ್ಣದ ಚೀಟಿ, ಬೇರೆ ಕೋಡ್ ಇಡ್ರಿ.

ಎರಡು ತಿಂಗಳು ಹಳೆಯ ಹಾಜರಿ ಪುಸ್ತಕವನ್ನೂ ಹೊಸ ಯಂತ್ರವನ್ನೂ ಜೊತೆಜೊತೆಗೆ ನಡೆಸಿ, ದಿನವೂ ತಾಳೆ ನೋಡಿ. ಅಷ್ಟು ದಿನ ಯಂತ್ರದ ಲೆಕ್ಕದ ಮೇಲೆ ಒಂದು ರೂಪಾಯಿಯನ್ನೂ ಮುರಿಯಬ್ಯಾಡ್ರಿ.

ಪಗಾರಪಟ್ಟಿ_ಬಳ್ಳಾರಿ

ತುಂಬಾ ಉಪಕಾರ. ಇನ್ನೆರಡು ಪ್ರಶ್ನೆ. ನೇಮಕಾತಿ ಪತ್ರದಲ್ಲಿ ‘ಎಲ್ಲ ನಿಯಮಕ್ಕೂ ಒಪ್ಪಿದ್ದೇನೆ’ ಅಂತ ಒಂದು ಸಾಲು ಇದೆ, ಅದು ಸಾಕಾಗುವುದಿಲ್ಲವೇ? ಮುಖ ಕೊಡಲು ಒಲ್ಲೆ ಅನ್ನುವವರಿಗೆ ಏನು ಮಾಡುವುದು?

ಮಾಹಿತಿ_ರಕ್ಷಣೆ

ಸಾಕಾಗುವುದಿಲ್ಲ. ಮುಖದ ಮಾಹಿತಿಗೆ ಪ್ರತ್ಯೇಕ ಹಾಳೆ ಮಾಡಿ, ಕನ್ನಡದಲ್ಲೇ. ನಿಮ್ಮಲ್ಲಿ ತೆಲುಗು, ಉರ್ದು ಮಾತಾಡುವವರೂ ಇರುತ್ತಾರೆ, ಅವರಿಗೆ ಅವರ ಭಾಷೆಯಲ್ಲಿ ಕೊಡಿ. ಏನು ತೆಗೆದುಕೊಳ್ಳುತ್ತೇವೆ, ಯಾವುದಕ್ಕೆ, ಎಲ್ಲಿ ಇಡುತ್ತೇವೆ, ಯಾವಾಗ ಅಳಿಸುತ್ತೇವೆ, ದೂರು ಯಾರಿಗೆ ಕೊಡಬೇಕು, ಇಷ್ಟು ಒಂದೇ ಪುಟದಲ್ಲಿ ಇರಲಿ. ಓದಲು ಬಾರದವರಿಗೆ ಓದಿ ಹೇಳಿ, ಆಮೇಲೆ ಸಹಿ. ಒಲ್ಲೆ ಅಂದವರಿಗೆ ಕಾರ್ಡ್ ಕೊಡಿ. ಬಾಗಿಲಲ್ಲಿ ಕಾರ್ಡ್ ತಾಗಿಸಿದರೆ ಹಾಜರಿ. ಕಾರ್ಡ್ ತೆಗೆದುಕೊಂಡವರನ್ನು ಬೇರೆ ಸಾಲಿನಲ್ಲಿ ನಿಲ್ಲಿಸಿ ಕಾಯಿಸುವುದು ಬೇಡ, ಹಾಗೆ ಮಾಡಿದರೆ ಉಳಿದವರ ಒಪ್ಪಿಗೆಯೂ ಮನಃಪೂರ್ವಕ ಅನ್ನಿಸುವುದಿಲ್ಲ.

ಕಾರ್ಮಿಕ_ಕಾಯ್ದೆ_ರಾಯಚೂರು

ಚೆಕ್ಕರ್‌ಗಳ ವಿಷಯ ಉಳಿದಿತ್ತು. ಯಂತ್ರ ಸುಧಾರಣೆಯಿಂದ ಜನ ಕಡಿಮೆಯಾಗುವ ಸಂಭವ ಇದ್ದರೆ ಅದಕ್ಕೂ 21 ದಿನದ ನೋಟಿಸ್ ಬೇಕು. 300ಕ್ಕಿಂತ ಕಡಿಮೆ ಜನ ಇರುವುದರಿಂದ ಸರಕಾರದ ಪೂರ್ವಾನುಮತಿ ಬೇಕಿಲ್ಲ. ಆದರೆ ಒಂದು ವರ್ಷ ಸತತ ಸೇವೆ ಮಾಡಿದ ಪ್ರತಿಯೊಬ್ಬರಿಗೂ ಒಂದು ತಿಂಗಳ ನೋಟಿಸ್ ಇಲ್ಲವೇ ಅದರ ಪಗಾರ, ಮೇಲೆ ವರ್ಷಕ್ಕೆ 15 ದಿನದ ಸರಾಸರಿ ಪಗಾರ ಕೊಡಬೇಕು. ದಿನಕ್ಕೆ 600ರಂತೆ 7 ವರ್ಷಕ್ಕೆ 63,000 ರೂಪಾಯಿ. ಮರುಕೌಶಲ ನಿಧಿಗೆ (ಕೆಲಸ ಹೋದವರು ಹೊಸ ಕೆಲಸ ಕಲಿಯಲೆಂದು ಇರುವ ನಿಧಿ) ಮಾಲೀಕರು ತುಂಬುವ 15 ದಿನದ ಪಗಾರ 9,000, ಅದು 45 ದಿನದೊಳಗೆ ಕೆಲಸ ಹೋದವರ ಖಾತೆಗೆ ಬರಬೇಕು. ಗ್ರಾಚ್ಯುಟಿ ಬೇರೆ. ಕೊನೆಗೆ ಸೇರಿದವರು ಮೊದಲು ಹೋಗಬೇಕು ಅನ್ನುವುದು ಸಾಮಾನ್ಯ ಕ್ರಮ. ಕ್ಯಾಮೆರಾ ಕೊಟ್ಟ ಅಂಕ ನೋಡಿ ಹೆಸರು ಆರಿಸಬ್ಯಾಡ್ರಿ. ಒಂದು ವರ್ಷದೊಳಗೆ ಮತ್ತೆ ಜನ ತೆಗೆದುಕೊಂಡರೆ ಮೊದಲ ಅವಕಾಶ ಇವರಿಗೇ.

ಅದಕ್ಕೂ ಮುಂಚೆ ಒಂದು ಮಾತು. ಒಗೆತದ ಬಣ್ಣ ಒಂದು ಲಾಟಿನಿಂದ ಇನ್ನೊಂದಕ್ಕೆ ಬದಲಾದಾಗ, ಬೇಕಂತಲೇ ಮಾಸಲು ಮಾಡಿದ ಜಾಗವನ್ನು ಕ್ಯಾಮೆರಾ ಕಲೆ ಅಂತ ತೆಗೆದುಹಾಕಬಹುದು. ಅದನ್ನು ತಿದ್ದಲು ಕಣ್ಣು ಪಳಗಿದ ಮನುಷ್ಯರೇ ಬೇಕು. ಆ ಆರು ಜನರಿಗೆ ಆ ಕೆಲಸವನ್ನೇ ಕೊಟ್ಟು ನೋಡ್ರಿ. 20 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಡೆ ಕುಂದುಕೊರತೆ ಸಮಿತಿ ಕಡ್ಡಾಯ. ಪಗಾರದ ಲೆಕ್ಕ ತಪ್ಪಿದೆ ಅನ್ನುವವರು ಅಲ್ಲಿಗೆ ಬರಲಿ, 30 ದಿನದಲ್ಲಿ ತೀರ್ಮಾನ ಆಗಬೇಕು. ಸಮಿತಿಯ ಮುಂದೆ ಇಡಲು ಹಾಜರಿಯ ಮೂಲ ದಾಖಲೆ ಬೇಕಾಗುತ್ತದೆ. ಯಾರು, ಯಾವಾಗ, ಯಾಕೆ ತಿದ್ದಿದರು ಅನ್ನುವುದು ಅದರಲ್ಲಿ ಉಳಿಯುವ ಸಾಫ್ಟ್‌ವೇರನ್ನೇ ಕೊಳ್ಳಿ.