ವಿಡಿಯೊದಲ್ಲಿ ಡಾಕ್ಟರ್: ಗುಟ್ಟು ಉಳಿಸಿಕೊಂಡವರು ಹೇಳಿ

ಮಂಜೇಶ್ವರ (ಪ್ರಶ್ನೆ): ನಮ್ಮದು ಕೇರಳದ ಕಾಸರಗೋಡು ಜಿಲ್ಲೆ. ಅಮ್ಮನಿಗೆ ಮನಸ್ಸಿನ ಕಾಯಿಲೆ. ಮಂಗಳೂರಿನ ಡಾಕ್ಟರಿಗೆ ವಿಡಿಯೊದಲ್ಲೇ ತೋರಿಸುವ ಅಂತ. ಮನೆಗೆಲ್ಲ ಒಂದೇ ಫೋನು. ವಿಷಯ ಹೊರಗೆ ಹೋಗಬಾರದು. ಅನುಭವ ಇದ್ದರೆ ತಿಳಿಸಿ.

ಬದಿಯಡ್ಕ: 2020ರಲ್ಲಿ ಕೊರೊನಾಕ್ಕೆ ತಲಪಾಡಿ ಗಡಿ (ಮಂಗಳೂರಿಗೆ ಹೋಗುವ ದಾರಿ) ಮುಚ್ಚಿದಾಗ ತಂಗಿಗೆ ವಾಟ್ಸಾಪಿನಲ್ಲೇ ಔಷಧಿ. ಫೀಸು 500. ಚೀಟಿಯ ಫೋಟೊ ಗ್ಯಾಲರಿಗೆ ಬಂದು ಕೂತಿತ್ತು. ಭಾವನ ಮಗ ಪೂಜೆಯ ಫೋಟೊಗಳ ಜೊತೆ ಅದನ್ನೂ ಕುಟುಂಬದ ಗ್ರೂಪಿಗೆ ಹಾಕಿದ. ನಿಶ್ಚಯವಾದ ಸಂಬಂಧ ತಪ್ಪಿತು. ಈಗ ತಂಗಿಗೇ ಬೇರೆ ಫೋನು, 6,800 ರೂಪಾಯಿ. ವಾಟ್ಸಾಪಿನ ಫೋಟೊ ಗ್ಯಾಲರಿಗೆ ಬಾರದ ಹಾಗೆ 'ಮೀಡಿಯಾ ವಿಸಿಬಿಲಿಟಿ' ಆಫ್.

ಕುಂಬಳೆ: ಫೋನು ಬಿಡಿ. ನಮ್ಮತ್ತೆಯನ್ನು ವಿಡಿಯೊ ಮುಂದೆ ಕೂರಿಸಿದರೆ ಡಾಕ್ಟರಿಗೆ ಮಲಯಾಳ ಮಾತ್ರ ಗೊತ್ತು. ಮಾತು ದಾಟಿಸಲಿಕ್ಕೆ ಪಕ್ಕದ ಮನೆಯವಳು ಬಂದಳು. ಅತ್ತೆ ಸೆರಗು ಹಿಂಡುತ್ತಾ ಕೂತರು, ನಿದ್ದೆ ಇಲ್ಲ ಅಂತ ಬಿಟ್ಟು ಒಂದೂ ಹೇಳಲಿಲ್ಲ. ಆಮೇಲೆ ಮಂಗಳೂರಿಗೆ ಕಾರಿನಲ್ಲೇ ಕರೆದುಕೊಂಡು ಹೋದೆ. ಬಾಡಿಗೆ 2,000, ಡಾಕ್ಟರಿಗೆ 700. ಕೊಟ್ಟದ್ದಕ್ಕೆ ನನಗೆ ಬೇಸರ ಇಲ್ಲ. ಅಲ್ಲಿ ಅತ್ತೆ ಬಾಯಿಬಿಟ್ಟರು.

ಉಪ್ಪಳ: ಅಕ್ಕಾ, ಭಾಷೆ ಮೇಲೆ ಯಾಕೆ ತಪ್ಪು ಹೊರಿಸುತ್ತೀರಿ? ನನ್ನ ಶುಗರ್ ನೋಡುವುದು ಮಲಯಾಳಿ ಡಾಕ್ಟರೇ. 'ಪಕ್ಕದಲ್ಲಿ ಯಾರಿದ್ದಾರೆ' ಅಂತ ಮೊದಲು ಕೇಳುತ್ತಾರೆ. ಗುಟ್ಟು ಕಾಯುವುದು ಡಾಕ್ಟರ ಕೆಲಸ ಅಂತ 2020ರ ಮಾರ್ಚ್ 25ರ ಟೆಲಿಮೆಡಿಸಿನ್ (ಫೋನು, ವಿಡಿಯೊದಲ್ಲಿ ಚಿಕಿತ್ಸೆ) ಮಾರ್ಗಸೂಚಿಯಲ್ಲೇ ಉಂಟು. ಮನಸ್ಸಿನ ಕಾಯಿಲೆಗೆ 2017ರ ಮಾನಸಿಕ ಆರೋಗ್ಯ ಕಾನೂನೂ ಉಂಟು.

ಕುಂಬಳೆ: ಶುಗರ್ ಅಂದರೆ ಯಾರಾದರೂ ಹೆಣ್ಣು ಕೊಡದೆ ಇರ್ತಾರಾ ಮಾರಾಯ್ರೆ? ಎರಡನ್ನೂ ಹೋಲಿಸಬೇಡಿ.

ಬದಿಯಡ್ಕ: ಕಾನೂನು ಡಾಕ್ಟರಿಗೆ. ನಮ್ಮ ಭಾವನ ಮಗನನ್ನು ಯಾವ ಕಾನೂನು ತಡೆಯಿತು?

ಪೆರ್ಲ: ಎಲ್ಲರೂ ಮೆಡಿಕಲ್ ಶಾಪು ಮರೆತಿರಿ. ಚೀಟಿ ವಾಟ್ಸಾಪ್ ಮಾಡಿ ಅಂತಾರೆ. ಕೌಂಟರಿನ ಹುಡುಗ ಫೋನು ನೋಡಿ ಮಾತ್ರೆ ಹೆಸರು ಗಟ್ಟಿಯಾಗಿ ಓದುತ್ತಾನೆ, ಹಿಂದೆ ನಮ್ಮ ವಾರ್ಡಿನವರೇ ನಿಂತಿರ್ತಾರೆ. ನಾನು ಪುತ್ತೂರಿಂದಲೇ ತರುವುದು. ಬಸ್ಸಿಗೆ ದುಡ್ಡು ಹೋದರೆ ಹೋಗಲಿ.

ಉಪ್ಪಳ: ಮಂಜೇಶ್ವರದವರೇ, ಮನಸ್ಸಿನ ಕಾಯಿಲೆಗೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನು ಮಾಡಿ. ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡ್ತಾರೆ.

ಮಂಜೇಶ್ವರ: ಅಮ್ಮನಿಗೆ ತುಳು ಮಾತ್ರ ಬರುವುದು.